ರಂಗನ ಮುಡಿ

ಹೋದ ತಿಂಗಳು ಪುಟ್ಟಿ ಮೆಟ್ಟಿಲಿಂದ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಳಲ್ಲ, ಆ ದಿನ ಆಸ್ಪತ್ರೆಗೆ ನಾನೂ ಬಂದಿದ್ದೆ. ನೀವೆಲ್ಲ ಅವಳ ಅಳು ನಿಲ್ಲಿಸುವ ಗಡಿಬಿಡಿಯಲ್ಲಿದ್ದಿರಿ. ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ಆಗತಾನೇ ನೆಲ ಒರೆಸಿದ್ದರು, ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನರ್ಸ್ ಹುಡುಗಿಯೊಬ್ಬಳು ಕತ್ತರಿ ಹಿಡಿದುಕೊಂಡು ಬಂದು ನಿಮ್ಮ ಅಮ್ಮನನ್ನು ಕೇಳಿದಳು:

"ಮೇಡಂ, ಹೊಲಿಗೆ ಹಾಕೋಕೆ ಇಲ್ಲಿ ಸ್ವಲ್ಪ ಕೂದ್ಲು ತೆಗೀಬೇಕು. ತೆಗೀಲಾ?"

"ತೆಗೀರಿ ಸಿಸ್ಟರ್, ಅದಕ್ಕೇನಂತೆ," ಅಂದಳು ನಿಮ್ಮ ಅಮ್ಮ.

ಅಷ್ಟೇ ಮಾತು. ನನಗೆ ಮಾತ್ರ ಕಣ್ಣು ತುಂಬಿಬಂತು. ಪುಟ್ಟಿಯ ರಕ್ತ ನೋಡಿ ಅಜ್ಜಿ ಅತ್ತುಬಿಟ್ಟಳು ಎಂದು ಮನೆಗೆ ಬಂದ ಮೇಲೆ ನೀವು ನಕ್ಕಿರಿ. ನಾನು ಅತ್ತದ್ದು ಅದಕ್ಕಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತದ್ದು ಇನ್ನೂ ಕೈಯಲ್ಲಿ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ.

ಆಗ ಜರಗನಹಳ್ಳಿ ಊರಾಗಿಯೇ ಇತ್ತು. ಈಗ ನಮ್ಮ ಮನೆ ಇರುವ ಕಡೆ ರಾಗಿ ಹೊಲ, ಹೊಲದ ಅಂಚಿಗೆ ಕನಕಾಂಬರದ ಪಾತಿ. ಉತ್ತರಕ್ಕೆ ನೋಡಿದರೆ ಜಯನಗರ ಬಡಾವಣೆಗೆಂದು ಅಳೆದು ಕಲ್ಲು ನೆಟ್ಟಿದ್ದರು. ಆ ಕಲ್ಲುಗಳ ನಡುವೆಯೇ ನಮ್ಮ ಊರಿನ ದನಗಳು ಮೇಯುತ್ತಿದ್ದವು. ನಾನು ಸುದ್ದಗುಂಟೆಪಾಳ್ಯದಿಂದ ಈ ಮನೆಗೆ ಸೊಸೆಯಾಗಿ ಬಂದು ಐದಾರು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ನಿಮ್ಮ ತಾತ, ನಾನು, ಆಮೇಲೆ ನಿಮ್ಮ ದೊಡ್ಡಪ್ಪ ರಂಗ. ನಿಮ್ಮಪ್ಪ ಇನ್ನೂ ಹುಟ್ಟಿರಲಿಲ್ಲ.

ರಂಗನಿಗಿಂತ ಮುಂಚೆ ನನಗೊಂದು ಹೆಣ್ಣು ಮಗು ಆಗಿ, ಬಾಣಂತನ ಮುಗಿಯುವ ಮೊದಲೇ ಹೋಗಿತ್ತು. ಅದಕ್ಕೆ ಅತ್ತೆ ಮನೆದೇವರಾದ ಬೆಟ್ಟದ ರಂಗಪ್ಪನಿಗೆ ಹರಕೆ ಕಟ್ಟಿಕೊಂಡರು. ಮುಂದಿನ ಮಗು ಉಳಿದರೆ ನಿನ್ನ ಹೆಸರಿಡುತ್ತೇವೆ, ಮೂರು ವರ್ಷ ತಲೆಗೆ ಕತ್ತರಿ ಸೋಕಿಸುವುದಿಲ್ಲ, ಬೆಟ್ಟಕ್ಕೆ ಕರೆತಂದು ನಿನ್ನ ಮುಂದೆಯೇ ಮುಡಿ ಕೊಡುತ್ತೇವೆ ಎಂದು. ಮೂರು ತುಂಬುವ ಹೊತ್ತಿಗೆ ಮಾವ ತೀರಿಕೊಂಡರು. ವರ್ಷದ ಸೂತಕ ಕಳೆಯಲಿ ಎಂದು ಮುಡಿಯನ್ನು ಮುಂದಕ್ಕೆ ಹಾಕಿದೆವು. ಹೀಗಾಗಿ ನಾಲ್ಕು ವರ್ಷದ ರಂಗನಿಗೆ ಬೆನ್ನಿನವರೆಗೆ ಜಡೆ. ನಾನು ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಹೆಣೆದು ನಮ್ಮದೇ ಪಾತಿಯ ಕನಕಾಂಬರ ಮುಡಿಸುತ್ತಿದ್ದೆ. ಆ ಕೂದಲಲ್ಲೇ ಮಗುವಿನ ಜೀವ ಇದೆ ಎಂದು ಅತ್ತೆ ನಂಬಿದ್ದರು. ಬಾಚಣಿಗೆಗೆ ಸಿಕ್ಕ ಎಳೆಗಳನ್ನೂ ಎಸೆಯಲು ಬಿಡುತ್ತಿರಲಿಲ್ಲ, ಗೋಡೆಯ ಸಂದಿಗೆ ತುರುಕುತ್ತಿದ್ದರು. ನಾನೂ ನಂಬಿದ್ದೆ. ಒಂದು ಕೂಸು ಕಳೆದುಕೊಂಡವಳು ಏನನ್ನಾದರೂ ನಂಬುತ್ತಾಳೆ.

ಸಂಕ್ರಾಂತಿ ಕಳೆದ ಮೇಲೆ ಬೆಟ್ಟಕ್ಕೆ ಹೋಗುವುದೆಂದು ಗೊತ್ತಾಗಿತ್ತು. ನಮ್ಮಲ್ಲಿ ಕೂದಲಿನ ಮೊದಲ ಕುಡಿ ಕತ್ತರಿಸುವುದು ಸೋದರಮಾವನ ಹಕ್ಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ಕತ್ತರಿ ಮುಟ್ಟಿಸಿದ ಮೇಲೆಯೇ ಕ್ಷೌರದವನು ಕೈಹಾಕಬೇಕು. ನನ್ನ ಅಣ್ಣ ಕೆಂಪಣ್ಣ ಅದಕ್ಕೆಂದು ರಂಗನಿಗೆ ಹೊಸ ಅಂಗಿ ಹೊಲಿಸಿಟ್ಟಿದ್ದ.

ಅವರೆಕಾಯಿ ಕಾಲ ಅದು. ಬೆಳಗಿನ ಇಬ್ಬನಿಗೆ ಹೊಲವೆಲ್ಲ ಸೊಗಡು ವಾಸನೆ. ಚಳಿ ಹೆಚ್ಚಾದಂತೆ ರಂಗನ ಎಡಗಿವಿ ಸೋರತೊಡಗಿತು. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟೆವು, ಬೆಚ್ಚಗಿನ ಉಪ್ಪಿನ ಗಂಟಿನ ಶಾಖ ಕೊಟ್ಟೆವು. ಸೋರುವುದು ನಿಂತಿತು. ಅತ್ತೆ ವಾಸಿಯಾಯಿತು ಎಂದರು. ಆದರೆ ಮರುದಿನ ಜ್ವರ ಏರಿತು, ಕಿವಿಯ ಹಿಂದೆ ನಿಂಬೆಹಣ್ಣಿನಷ್ಟು ಬಾವು ಬಂದು ಕಿವಿಯೇ ಮುಂದಕ್ಕೆ ಬಾಗಿಕೊಂಡಿತು. ನಿಮ್ಮ ತಾತ ಹೂವಿನ ಬುಟ್ಟಿಗಳನ್ನು ಕೆಳಗಿಳಿಸಿ, ಗಾಡಿಗೆ ಹುಲ್ಲು ಹಾಸಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಪೇಟೆಗೆ ಹೊಡೆದರು.

ಬಸವನಗುಡಿ ದಾಟಿದ ಮೇಲೆ ಆಗ ಒಂದು ಧರ್ಮಾಸ್ಪತ್ರೆಯಿತ್ತು. ಈಗ ಆ ಕಟ್ಟಡವೂ ಇಲ್ಲ, ಹೆಸರು ಬೇಡ. ದೊಡ್ಡ ಡಾಕ್ಟರು ನೋಡಿದರು. ಕಿವಿ ಹಿಂದಿನ ಮೂಳೆಯಲ್ಲಿ ಕೀವು ತುಂಬಿದೆ, ಸೇರಿಸಬೇಕು ಎಂದು ಹೇಳಿ ಬೇರೆ ರೋಗಿಯ ಕಡೆ ತಿರುಗಿದರು. ಯಾರೋ ಹೇಳಿದ ಕಡೆ ನಿಮ್ಮ ತಾತ ರುಜು ಹಾಕಿದರು. ಮಗುವನ್ನು ಮಂಚಕ್ಕೆ ಹಾಕಲು ಬಂದ ಆಯಾ ಲಂಗ ತಂದಿದ್ದಳು.

"ಅಯ್ಯೋ, ಇದೇನು ಗಂಡು!" ಎಂದು ರಂಗನ ಚಡ್ಡಿ ಬಿಚ್ಚಿದವಳೇ ನಗತೊಡಗಿದಳು. "ಒಳ್ಳೇ ಮದುಮಗಳ ಥರ ಹೂ ಮುಡ್ಕೊಂಡು ಬಂದವ್ನಲ್ಲ! ಏನವ್ವ, ಮುಡಿ ಬಿಟ್ಟಿದ್ದೀರಾ?"

ನಾನು ಹೂಂ ಎಂದು ತಲೆಯಾಡಿಸಿದೆ. ಯಾವ ದೇವರು ಎಂದಳು, ಹೇಳಿದೆ. ತನ್ನದು ಹೊಸಕೆರೆಹಳ್ಳಿ, ಹೆಸರು ಚೌಡಮ್ಮ ಎಂದಳು. ಆ ಆಸ್ಪತ್ರೆಯಲ್ಲಿ ನನ್ನ ಜೊತೆ ಮನುಷ್ಯರಂತೆ ಮಾತಾಡಿದವಳು ಅವಳೊಬ್ಬಳೇ.

ಮಕ್ಕಳ ವಾರ್ಡಿನಲ್ಲಿ ತಾಯಂದಿರು ಇರುವಂತಿರಲಿಲ್ಲ. ಅಲ್ಲಿಯ ನಿಯಮ ಅದು. ಸಾಯಂಕಾಲ ಗಂಟೆ ಹೊಡೆದಾಗ ಒಳಗೆ ಬಿಡುತ್ತಿದ್ದರು, ಇನ್ನೊಂದು ಗಂಟೆ ಹೊಡೆದರೆ ಹೊರಗೆ. ಬೇನೆ ಹರಡಬಾರದೆಂದು ಹಾಗೆ ಮಾಡಿದ್ದಿರಬಹುದು. ಆದರೆ ನನ್ನನ್ನು ಬಿಟ್ಟು ಒಂದು ಹೊತ್ತೂ ಇರದ ಮಗು ಅದು. ಬಾಗಿಲು ಹಾಕಿದ ಮೇಲೂ ಅವನ ಕೂಗು ಕೇಳುತ್ತಿತ್ತು. ನಾನು ಬಾಗಿಲಿಗೆ ಅಂಗೈ ಒತ್ತಿಕೊಂಡು ನಿಂತಿದ್ದೆ. ತಳ್ಳುವ ಧೈರ್ಯ ಬರಲಿಲ್ಲ.

ನಿಮ್ಮ ತಾತ ನನ್ನನ್ನೂ ಗಾಡಿಯನ್ನೂ ಊರಿಗೆ ಬಿಟ್ಟು, ತಾವು ನಡೆದು ಹಿಂದಿರುಗಿ ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಉಳಿದರು. ಮರುದಿನ ಸಾಯಂಕಾಲ ಅತ್ತೆಯನ್ನು ಕರೆದುಕೊಂಡು ನಾನು ಬಂದೆ. ಮೂವರೂ ಒಳಗೆ ಹೋದೆವು. ರಂಗನ ಮಂಚದ ಮುಂದೆ ನಿಂತು ಅತ್ತೆ, "ಇದು ನಮ್ಮ ಮಗು ಅಲ್ಲ ಕಣೇ, ಮುಂದೆ ನಡಿ," ಎಂದರು.

ಅವನೇ ಆಗಿದ್ದ. ತಲೆ ನುಣ್ಣಗಾಗಿತ್ತು. ಎಡಗಡೆಗೆ ದಪ್ಪನೆ ಪಟ್ಟಿ. ಎರಡೂ ಕೈಗಳನ್ನು ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು. ನನ್ನನ್ನು ನೋಡಿ ಬಾಯಿ ತೆರೆದ. ಅತ್ತು ಅತ್ತು ಗಂಟಲು ಕಟ್ಟಿಹೋಗಿ ಬರಿ ಉಸಿರು ಬಂತು, ದನಿ ಬರಲಿಲ್ಲ.

ಅತ್ತೆ ಅಲ್ಲೇ ನೆಲಕ್ಕೆ ಕುಸಿದು ತಲೆ ಚಚ್ಚಿಕೊಂಡರು. "ದೇವರ ಗಂಟಿಗೆ ಕೈ ಹಾಕಿಬಿಟ್ರಲ್ಲೋ! ಇನ್ನು ಈ ಕೂಸು ಉಳಿದೀತೇನೋ!"

ಅಷ್ಟರಲ್ಲಿ ಮೇಲ್ವಿಚಾರಣೆಯ ಸಿಸ್ಟರು ಬಂದರು. ಎತ್ತರದ ಹೆಂಗಸು, ಬೆಳಗಿನಿಂದ ಕೂತಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಏನಿದು ಗಲಾಟೆ? ಬೇರೆ ಮಕ್ಕಳು ಮಲಗಿರೋದು ಕಾಣಲ್ವಾ?"

"ಯಾರನ್ನ ಕೇಳಿ ಕೂದ್ಲು ತೆಗೆದ್ರಿ?" ಎಂದರು ನಿಮ್ಮ ತಾತ. ಅವರ ದನಿ ಮೆಲ್ಲಗಿತ್ತು. ಮೆಲ್ಲಗಾದಾಗಲೇ ಅವರಿಗೆ ಹೆದರಬೇಕು.

"ಆಪರೇಷನ್ ಮಾಡಿದಾರೆ. ಕೂದ್ಲು ಇಟ್ಕೊಂಡು ಹೇಗೆ ಮಾಡೋದು? ಕೂದ್ಲು ಮತ್ತೆ ಬೆಳಿಯುತ್ತೆ, ಕಿವಿ ಹೋದ್ರೆ ಬೆಳಿಯುತ್ತಾ?"

"ಜೀವ ಉಳಿಸಿದ್ದಕ್ಕೆ ನಿಮ್ಮ ಕಾಲಿಗೆ ಬೀಳ್ತೀನಿ ತಾಯಿ. ಒಂದು ಮಾತು ಹೇಳ್ಬಾರದಾಗಿತ್ತಾ? ಅಲ್ಲೇ ಮರದ ಕೆಳಗೆ ಬಿದ್ದಿದ್ನಲ್ಲ ನಾನು, ನಾಯಿ ಹಂಗೆ."

"ನಿಮ್ಮನ್ನ ಹುಡುಕ್ಕೊಂಡು ಮರದ ಕೆಳಗೆ ಬರೋಕೆ ಹೊತ್ತಿರ್ಲಿಲ್ಲ."

"ಕೈ ಯಾಕೆ ಕಟ್ಟಿದ್ದೀರಿ? ಅವನೇನು ಕರುನಾ ಕಟ್ಟಾಕೋಕೆ?"

"ಕಟ್ಟದಿದ್ರೆ ಪಟ್ಟಿ ಕಿತ್ತಾಕ್ತಾನೆ."

ಆಕೆ ಸುಳ್ಳು ಹೇಳುತ್ತಿರಲಿಲ್ಲ. ಈಗ ನನಗೆ ಹಾಗನ್ನಿಸುತ್ತದೆ. ಹೇಳಿದ ಒಂದೊಂದು ಮಾತೂ ಸರಿಯಾಗಿಯೇ ಇತ್ತು. ಆದರೆ ಎಲ್ಲವನ್ನೂ ಮಾಡಿ ಮುಗಿಸಿದ ಮೇಲೆ ಹೇಳಿದರು. ಅದೇ ಮಾತನ್ನು ಬೆಳಿಗ್ಗೆ ಹೇಳಿದ್ದರೆ ನಿಮ್ಮ ತಾತ ಮರದ ಕೆಳಗಿನಿಂದ ಓಡಿಬಂದು, ಆ ಕೂದಲನ್ನು ತಮ್ಮ ಹೆಗಲ ಮೇಲಿನ ವಲ್ಲಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ದೇವರಿಗೆ ಕೈಮುಗಿದು, ತೆಗೀರಿ ತಾಯಿ ಎನ್ನುತ್ತಿದ್ದರು. ಅವರನ್ನು ನಾನು ಬಲ್ಲೆ.

ಅವರು ಬಗ್ಗಿ ರಂಗನ ಕೈಗಂಟುಗಳನ್ನು ಬಿಚ್ಚಿದರು. ಮಣಿಕಟ್ಟಿನ ಸುತ್ತ ಕೆಂಪು ಗೆರೆ ಬಿದ್ದಿತ್ತು. ಸಿಸ್ಟರು ಓಡಿಹೋಗಿ ಚಿಕ್ಕ ಡಾಕ್ಟರನ್ನು ಕರೆತಂದರು. ಎಳೆಯ ಮುಖದ ಆತ, "ನೋಡಪ್ಪ, ದಿನಾ ಗಾಯ ತೊಳೀಬೇಕು, ಇಂಜೆಕ್ಷನ್ ಆಗ್ಬೇಕು. ಈಗ ಕರ್ಕೊಂಡು ಹೋದ್ರೆ ಜವಾಬ್ದಾರಿ ನಮ್ಮದಲ್ಲ," ಎಂದ.

"ಹೇಳದೆ ಕೇಳದೆ ಮಾಡೋ ಕಡೆ ಒಂದು ರಾತ್ರಿನೂ ಬಿಡಲ್ಲ ನಾನು," ಎಂದು ನಿಮ್ಮ ತಾತ ಮಗುವನ್ನು ಎತ್ತಿಕೊಂಡರು. ರಂಗ ಅವರ ಕತ್ತನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಆ ಹಿಡಿತ ನೋಡಿ ನನಗೂ ಜೀವ ಬಂದಂತಾಯಿತು. ಬೇಡ ಅನ್ನಲು ನನಗೆ ತೋಚಲೇ ಇಲ್ಲ.

ಗೇಟಿನಲ್ಲಿ ಜಟಕಾ ಸಿಕ್ಕಿತು. ಗಾಡಿ ತಿರುಗುವಾಗ ಹಿಂದಿನಿಂದ ಯಾರೋ ಹೆಂಗಸು "ಏ ಅವ್ವಾ, ನಿಲ್ಲವ್ವಾ! ನಿಲ್ಲಿ ಸ್ವಲ್ಪ!" ಎಂದು ಕೂಗಿದ್ದು ಕೇಳಿಸಿತು. ತಿರುಗಿ ನೋಡಿದೆ. ಬಿಳಿ ಸೀರೆಯವಳೊಬ್ಬಳು ಅಂಗಳ ದಾಟಿ ಓಡಿಬರುತ್ತಿದ್ದಳು. ಕತ್ತಲಾಗುತ್ತಿತ್ತು, ಮುಖ ಕಾಣಲಿಲ್ಲ. ಮಗುವನ್ನು ವಾಪಸು ಕಸಿದುಕೊಳ್ಳಲು ಬಂದರು ಎಂದೇ ನಾವೆಲ್ಲ ಅಂದುಕೊಂಡೆವು. "ಹೊಡಿಯೋ ಬೇಗ," ಎಂದರು ನಿಮ್ಮ ತಾತ. ಜಟಕಾ ಸಾಬರು ಕುದುರೆಗೆ ಚಾವಟಿ ಬೀಸಿದರು.

ಊರಿಗೆ ಬಂದ ಮೇಲೆ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಗಾಯ ತೊಳೆದೆವು, ಅರಿಸಿನ ಮೆತ್ತಿದೆವು. ಬಡಾವಣೆಯ ಕಡೆಯಿಂದ ಒಬ್ಬ ಕಾಂಪೌಂಡರು ಸೈಕಲ್ಲಿನಲ್ಲಿ ಬಂದು ಸೂಜಿ ಹಾಕಿದ. ಎರಡು ಸಲ ಬಂದ, ಮೂರನೇ ಸಲ ಗಾಯ ನೋಡಿ, "ಇದು ನನ್ನ ಕೈಲಾಗೋದಲ್ಲ, ಎಲ್ಲಿ ಕುಯ್ದರೋ ಅಲ್ಲಿಗೇ ಹೋಗಿ," ಎಂದು ಹೊರಟುಹೋದ. ನಿಮ್ಮ ತಾತ ಕದಲಲಿಲ್ಲ. ಆ ಬಾಗಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದರು. ಮುಡಿ ಹೋದದ್ದಕ್ಕೆ ದೇವರಿಗೆ ತಪ್ಪುಕಾಣಿಕೆ ಎತ್ತಿಟ್ಟು, ಇನ್ನು ಅವನೇ ಕಾಯಲಿ ಎಂದರು. ಅತ್ತೆಗೂ ಅದೇ ಮಾತು. ಗಾಯದಿಂದ ಕೀವು ಬರುವುದು ನಿಲ್ಲಲಿಲ್ಲ. ಜ್ವರ ಬಂದು ಬಂದು ಹೋಗುತ್ತಿತ್ತು.

ಒಂದು ಬೆಳಿಗ್ಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ರಂಗ ತನ್ನ ಎಡಮಗ್ಗುಲು ನನ್ನ ಕಡೆ ಮಾಡಿ ಕೂತು ಸಿಪ್ಪೆಯಲ್ಲಿ ಗಾಡಿ ಕಟ್ಟುತ್ತಿದ್ದ. ರಂಗಾ ಎಂದೆ. ತಿರುಗಲಿಲ್ಲ. ಆಟದಲ್ಲಿ ಮೈಮರೆತಿದ್ದಾನೆ ಎಂದುಕೊಂಡು ಇನ್ನೊಮ್ಮೆ ಕರೆದೆ. ಇಲ್ಲ. ಆಮೇಲೆ ಎದ್ದು ಅವನ ಬಲಕ್ಕೆ ಹೋಗಿ ಒಂದು ಹಿಡಿ ಕಾಳನ್ನು ಮೊರಕ್ಕೆ ಸುರಿದೆ. ಸದ್ದಿಗೆ ತಟ್ಟನೆ ತಿರುಗಿ ನಕ್ಕ. ಯಾರಿಗೂ ಹೇಳದೆ ಮತ್ತೆ ಮತ್ತೆ ಆ ಕಡೆ ಈ ಕಡೆ ಕಾಳು ಸುರಿದು ನೋಡಿದೆ. ಅವನು ಅದನ್ನು ಆಟವೆಂದೇ ತಿಳಿದ.

ಆ ವರ್ಷ ನಾವು ಎಳ್ಳು ಬೀರಲಿಲ್ಲ. ಹಬ್ಬದ ಮರುದಿನ ಅಣ್ಣ ಕೆಂಪಣ್ಣ ಕಬ್ಬಿನ ಜಲ್ಲೆ, ಹೊಸ ಅಂಗಿ ಹಿಡಿದುಕೊಂಡು ಬಂದ. ಬೋಳುತಲೆಯ ಮಗುವನ್ನು ನೋಡಿದ. ಗಾಯ ಮೂಸಿ ನೋಡಿದ. ನಾನು ಒಳಬಾಗಿಲಲ್ಲಿ ನಿಂತು ಕಾಳಿನ ಸಂಗತಿ ಅವನಿಗೆ ಹೇಳಿದೆ. ನಿಮ್ಮ ತಾತನಿಗೆ ಕೇಳಿಸಲಿ ಎಂದೇ ಹೇಳಿದೆ.

ಅಣ್ಣ ಜಗಲಿಗೆ ಬಂದು ಅವರ ಮುಂದೆ ಕೂತ.

"ಭಾವ, ಗಾಡಿ ಕಟ್ಟಿ. ಆಸ್ಪತ್ರೆಗೆ ಹೋಗೋಣ."

"ಆ ಮಾತೆತ್ತಬೇಡ ಕೆಂಪಣ್ಣ. ದೇವರ ಮುಡೀನ ಕಸದ ಹಂಗೆ ಬೋಳಿಸಿ ಎಸೆದವರ ಹತ್ರ..."

"ಮುಡಿ ಯಾರ್ದು ಭಾವ? ಮೊದಲನೇ ಕುಡಿ ಕತ್ತರಿಸೋ ಹಕ್ಕು ನಂದು. ಕಳಕೊಂಡೋನು ನಾನು. ನನ್ನ ತೊಡೆ ಬರಿದಾಗಿರೋದು. ನಂಗೇ ಸಿಟ್ಟಿಲ್ಲ ಅಂದ್ಮೇಲೆ ನಿಮಗ್ಯಾಕೆ?"

ನಿಮ್ಮ ತಾತ ಅಂಗಳದ ಗಾಡಿಯ ಕಡೆ ನೋಡಿದರು.

"ರಂಗಪ್ಪನಿಗೆ ಕೂದ್ಲು ಬೇಕೋ ಹುಡುಗ ಬೇಕೋ ಆಮೇಲೆ ಕೇಳಿಕೊಳ್ಳೋಣ. ಈಗ ಏಳಿ."

ಅತ್ತೆ ಒಳಗಿನಿಂದ ಏನೋ ಹೇಳಲು ಬಂದವರು, ಅಣ್ಣನ ಮುಖ ನೋಡಿ ಹಿಂದಕ್ಕೆ ಹೋದರು. ಸೋದರಮಾವನ ಮಾತಿಗೆ ಅಂಥ ತೂಕ ಇತ್ತು. ನಿಮ್ಮ ತಾತ ಎದ್ದು ಕೊಟ್ಟಿಗೆಯಿಂದ ಎತ್ತುಗಳನ್ನು ಬಿಚ್ಚಿ ತರಲು ಹೋದರು.

ಈ ಸಲ ದೊಡ್ಡ ಡಾಕ್ಟರೇ ಪಟ್ಟಿ ಬಿಚ್ಚಿ ಬಹಳ ಹೊತ್ತು ನೋಡಿದರು. ರಂಗನ ಎರಡೂ ಕಿವಿಯ ಹತ್ತಿರ ಕಬ್ಬಿಣದ ಕವೆಯಂಥದ್ದನ್ನು ಮಿಡಿದು ಹಿಡಿದರು.

"ಯಾಕೆ ಕರ್ಕೊಂಡು ಹೋದ್ರಿ ಆವತ್ತು?"

"ಕೂದ್ಲು ತೆಗೆದ್ರು ಅಂತ, ಸ್ವಾಮಿ," ಎಂದರು ನಿಮ್ಮ ತಾತ.

"ಕೂದ್ಲಿಗಾ?"

ಡಾಕ್ಟರು ನಗಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಜೀವಕ್ಕೇನೂ ಭಯ ಇಲ್ಲ, ಗಾಯ ಮಾಗುತ್ತೆ. ಎಡಗಿವಿ ಇನ್ನು ಕೇಳಿಸಲ್ಲ," ಎಂದರು.

"ಆವತ್ತೇ ಇಲ್ಲೇ ಬಿಟ್ಟಿದ್ರೆ?"

"ಹೇಳಕ್ಕಾಗಲ್ಲಪ್ಪ. ಉಳೀಬಹುದಾಗಿತ್ತು."

ನಿಮ್ಮ ತಾತ ವಲ್ಲಿಯನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಸ್ಪತ್ರೆಯಿಂದ ಹೊರಡುವವರೆಗೂ ಅದನ್ನು ಹೆಗಲಿಗೆ ಹಾಕಲಿಲ್ಲ.

ಮಗುವನ್ನು ವಾರ್ಡಿಗೆ ಕರೆದುಕೊಂಡು ಹೋದೆವು. ಮಂಚಕ್ಕೆ ಹಾಸುತ್ತಿದ್ದ ಆಯಾ ತಲೆಯೆತ್ತಿ ನೋಡಿದಳು. ಅದೇ ಚೌಡಮ್ಮ.

"ಬಂದ್ರಾ? ಬಂದ್ರಾ ಅವ್ವಾ!" ಎಂದವಳೇ ಹಾಸುವುದನ್ನು ಬಿಟ್ಟು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಪಟ್ಟಿ ಕಟ್ಟುವ ಬಿಳಿ ಬಟ್ಟೆಯ ಗಂಟೊಂದಿತ್ತು. ಬಿಚ್ಚಿ ತೋರಿಸಿದಳು. ರಂಗನ ಜಡೆ. ಬುಡದಲ್ಲಿ ದಾರ ಕಟ್ಟಿ ಇಡಿಯಾಗಿ ಕತ್ತರಿಸಿದ ಜಡೆ. ನಾನು ಮುಡಿಸಿದ್ದ ಕನಕಾಂಬರ ಒಣಗಿ ಅದಕ್ಕೇ ಅಂಟಿಕೊಂಡಿತ್ತು.

"ನಾನೇ ತೆಗೆದಿದ್ದು ಕಣವ್ವ. ಬೇಗ ಬೋಳಿಸು ಅಂದ್ರು ಸಿಸ್ಟರು. ದೇವರ ಮುಡಿ ಅಂತ ನೀನು ಹೇಳಿದ್ಯಲ್ಲ, ನೆಲಕ್ಕೆ ಬೀಳಿಸ್ಲಿಲ್ಲ. ಸಾಯಂಕಾಲ ನೀನು ಬಂದಾಗ ಕೊಡೋಣ ಅಂತ ಇಟ್ಟಿದ್ದೆ. ಊಟ ಮುಗಿಸಿ ಬರೋ ಹೊತ್ಗೆ ನೀವು ಹೊರಟುಬಿಟ್ರಿ. ಗೇಟಿನ ತನಕ ಓಡಿಬಂದೆ, ಎಷ್ಟು ಕೂಗಿದೆ. ಜಟಕಾದಲ್ಲಿ ನೀನು ತಿರುಗಿ ನೋಡಿದ್ದೂ ಕಾಣಿಸ್ತು."

ನಾನು ಗಂಟನ್ನು ತೆಗೆದುಕೊಂಡೆ. ನಿಮ್ಮ ತಾತ ಅದನ್ನು ನೋಡಿದರು, ಮಂಚದ ಮೇಲಿದ್ದ ಮಗುವನ್ನು ನೋಡಿದರು, ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತರು. ಅಣ್ಣ ಅವರ ಹಿಂದೆ ಹೋಗಲು ಹೊರಟ. ನಾನು ಬೇಡ ಎಂದೆ.

ಮೂರು ವಾರ ರಂಗ ಅಲ್ಲಿದ್ದ. ಸಿಸ್ಟರ ಹತ್ತಿರ ಚೌಡಮ್ಮ ಏನು ಹೇಳಿದಳೋ, ನನ್ನನ್ನು ವಾರ್ಡಿನ ಬಾಗಿಲ ಹೊರಗೆ, ಮಗುವಿಗೆ ಕಾಣುವ ಹಾಗೆ ಕೂರಲು ಬಿಟ್ಟರು. ಅವನು ಅಳಲಿಲ್ಲ, ಅವನ ಕೈ ಕಟ್ಟುವ ಅಗತ್ಯವೂ ಬರಲಿಲ್ಲ. ಒಂದು ದಿನ ಆ ಎತ್ತರದ ಸಿಸ್ಟರು ನನ್ನ ಮುಂದೆ ನಿಂತು, "ನೀನು ಇಲ್ಲಿ ಕೂತಿದ್ರೆ ಇವನು ಸುಮ್ನಿರ್ತಾನೆ," ಎಂದರು. ಬೇಸರವೋ ಮೆಚ್ಚುಗೆಯೋ ತಿಳಿಯಲಿಲ್ಲ. ನಾನು ತಲೆ ತಗ್ಗಿಸಿದೆ. ಮೊದಲೇ ಹೀಗೆ ಕೂರಿಸಿದ್ದರೆ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು.

ಗಾಯ ಮಾಗಿದ ಮೇಲೆ ಬೆಟ್ಟಕ್ಕೆ ಹೋದೆವು. ಅಣ್ಣ ರಂಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆಗತಾನೇ ಚಿಗುರಿದ್ದ ಕೂದಲಿಗೆ ಕತ್ತರಿ ಮುಟ್ಟಿಸಿ, ಚೌಡಮ್ಮ ಕೊಟ್ಟ ಜಡೆಯನ್ನು ತಟ್ಟೆಯಲ್ಲಿಟ್ಟ. ಪೂಜಾರಿ ಏನೂ ಆಕ್ಷೇಪ ಹೇಳಲಿಲ್ಲ. ಹರಕೆ ಸಂದಿತು ಎಂದು ಅತ್ತೆ ನೆಮ್ಮದಿಯ ಉಸಿರು ಬಿಟ್ಟರು. ದೇವರಿಗೆ ಸೇರಬೇಕಾದದ್ದು ಒಂದೆಳೆಯೂ ಕಡಿಮೆಯಾಗದೆ ಸೇರಿತು. ನಾವು ಸಿಟ್ಟು ಮಾಡಿಕೊಂಡು ಎದ್ದು ಬಂದದ್ದು ಯಾವುದಕ್ಕೋ ಅದು ಕಳೆದೇ ಇರಲಿಲ್ಲ.

ನಿಮ್ಮ ತಾತ ಆಮೇಲೆ ಆಸ್ಪತ್ರೆಯ ಮಾತನ್ನು ಎಂದೂ ಎತ್ತಲಿಲ್ಲ. ಆದರೆ ಬದುಕಿರುವವರೆಗೂ ನಿಮ್ಮ ದೊಡ್ಡಪ್ಪನ ಬಲಕ್ಕೇ ಕೂರುತ್ತಿದ್ದರು. ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಅವನ ಮದುವೆಯ ಚಪ್ಪರದಲ್ಲಿ. ಬೇರೆ ಯಾರಾದರೂ ಅಲ್ಲಿ ಕೂತಿದ್ದರೆ ಕಾಯುತ್ತಾ ನಿಲ್ಲುತ್ತಿದ್ದರು. ತಾತನಿಗೆ ಅದೇ ಜಾಗ ಬೇಕು, ಹಠ ಎಂದು ನೀವು ಚಿಕ್ಕವರಿದ್ದಾಗ ಆಡಿಕೊಳ್ಳುತ್ತಿದ್ದಿರಿ.

ಎಡಕ್ಕೆ ಕೂತದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಮುಡಿ ಕೊಟ್ಟು ಬೆಟ್ಟದಿಂದ ಹಿಂದಿರುಗುವಾಗ. ಮಧ್ಯಾಹ್ನದ ಬಿಸಿಲು, ಅಣ್ಣ ಗಾಡಿ ಹೊಡೆಯುತ್ತಿದ್ದ, ಅತ್ತೆ ತೂಕಡಿಸುತ್ತಿದ್ದರು. ರಂಗ ಹೊಸ ಅಂಗಿ ಹಾಕಿಕೊಂಡು ಕಡ್ಲೆಪುರಿ ತಿನ್ನುತ್ತಿದ್ದ. ನಿಮ್ಮ ತಾತ ಅವನ ಎಡಮಗ್ಗುಲಿಗೆ ಸರಿದು, ಬಗ್ಗಿ, ಆ ಕಿವಿಗೆ ಬಾಯಿಟ್ಟು ಏನೋ ಹೇಳತೊಡಗಿದರು. ಬಹಳ ಹೊತ್ತು ಹೇಳಿದರು. ಗಾಡಿಯ ಸದ್ದಿನಲ್ಲಿ ನನ್ನವರೆಗೆ ಒಂದು ಮಾತೂ ಬರಲಿಲ್ಲ. ರಂಗ ತಿರುಗಿ ನೋಡಲಿಲ್ಲ. ಹಿಡಿಯಲ್ಲಿದ್ದ ಪುರಿಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಾ, ಮುಂದೆ ಹೋಗುವ ಎತ್ತುಗಳನ್ನು ನೋಡುತ್ತಾ ಕೂತಿದ್ದ.